ಕಾರಿಗೆ ಮೆಶಿನ್ ಪಾಲಿಶ್: ಮೊದಲ ಸಲ ಕೈ ಹಾಕುವವರಿಗೆ

ಕುಂಬಳೆ, ಮಂಜೇಶ್ವರ ಕಡೆಯ ಕಾರುಗಳಿಗೆ ಮುರಕಲ್ಲಿನ ಕೆಂಪು ಧೂಳಿನದ್ದೇ ದೊಡ್ಡ ಕಾಟ. ಅದರ ಮೇಲೆಯೇ ಮೆಶಿನ್ನಿನ ಪ್ಯಾಡ್ ತಿರುಗಿಸಿದರೆ ಇದ್ದ ಗೀರು ಹೋಗುವ ಬದಲು ಹೊಸ ಗೀರು ಬೀಳುತ್ತದೆ. ಶಾಂಪೂ ಹಾಕಿ ತೊಳೆದು, ಕ್ಲೇ ಬಾರ್ (ಪೈಂಟಿಗೆ ಅಂಟಿದ ಕೊಳೆ ಎತ್ತುವ, ಜೇಡಿಯಂಥ ಮೆದು ಉಂಡೆ) ಉಜ್ಜಿ, ಪೂರ್ತಿ ಒಣಗಿಸಿಯೇ ಶುರುಮಾಡಿ. ಕಾರು ನೆರಳಲ್ಲಿರಲಿ, ಬಾನೆಟ್ ತಣ್ಣಗಿರಲಿ.

ಮೆಶಿನ್ ಡ್ಯುಯಲ್ ಆ್ಯಕ್ಷನ್‌ನದ್ದೇ (ಪ್ಯಾಡ್ ತಿರುಗುತ್ತಲೇ ಓಲಾಡುವಂಥದ್ದು) ಸಾಕು. ರೋಟರಿ (ಬರೀ ಗಿರಗಿರ ತಿರುಗುವಂಥದ್ದು) ಒಂದೇ ಕಡೆ ಬೇಗ ಬಿಸಿಯೇರಿಸುತ್ತದೆ, ಹೊಸಬರಿಗೆ ಬೇಡ. ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಸಾಮಾನ್ಯವಾಗಿ 40–50 ಮೈಕ್ರಾನ್ ದಪ್ಪ ಅಷ್ಟೆ, ಅಂಚುಗಳಲ್ಲಿ ಇನ್ನೂ ತೆಳು. ಬಾಗಿಲಿನ ಅಂಚು, ಬಾನೆಟ್‌ನ ಏಣು, ರಬ್ಬರ್ ಬೀಡಿಂಗ್‌ಗೆಲ್ಲ ಮಾಸ್ಕಿಂಗ್ ಟೇಪ್ ಅಂಟಿಸಿ.

ಮೆದು ಫೋಮ್ ಪ್ಯಾಡ್, ನಯವಾದ ಪಾಲಿಶ್‌ನಿಂದ ಮೊದಲು ಚಿಕ್ಕ ಜಾಗದಲ್ಲಿ ನೋಡಿ. ಗೀರು ಹೋಗದಿದ್ದರೆ ಮಾತ್ರ ಕಾಂಪೌಂಡ್ (ಹೆಚ್ಚು ತರಿಯ ಪಾಲಿಶ್). ಬಟಾಣಿ ಗಾತ್ರದ 4 ಹನಿ, 2 ಅಡಿ ಚೌಕಕ್ಕೆ. ಪ್ಯಾಡ್ ಪೈಂಟಿಗೆ ತಾಗಿದ ಮೇಲೆಯೇ ಸ್ವಿಚ್ ಒತ್ತಿ, ಇಲ್ಲವಾದರೆ ಪಾಲಿಶ್ ಗೋಡೆಗೆಲ್ಲ ಸಿಡಿಯುತ್ತದೆ. 1ನೇ ಸ್ಪೀಡಲ್ಲಿ ಹರಡಿ, 4ಕ್ಕೆ ಏರಿಸಿ, ಸೆಕೆಂಡಿಗೆ ಒಂದೆರಡು ಇಂಚಿನಂತೆ ಅಡ್ಡ, ಉದ್ದ ನಿಧಾನ ಎಳೆಯಿರಿ.

ಪ್ಯಾಡ್ ಕೂರುವ ತಟ್ಟೆಯ ಬದಿಗೆ ಮಾರ್ಕರಿನಲ್ಲಿ ಒಂದು ಗೆರೆ ಹಾಕಿಡಿ. ಕೆಲಸದ ನಡುವೆ ಆ ಗೆರೆ ತಿರುಗುವುದು ನಿಂತರೆ ಕೈಯ ಭಾರ ಹೆಚ್ಚಾಗಿದೆ ಅಥವಾ ಪ್ಯಾಡ್ ವಾಲಿದೆ ಎಂದರ್ಥ. ಆಗ ಮೆಶಿನ್ ಬರೀ ನಡುಗುತ್ತದೆ, ಗೀರು ಹೋಗುವುದಿಲ್ಲ. ಪ್ರತಿ ಚೌಕ ಮುಗಿದಾಗ ಪ್ಯಾಡನ್ನು ಬ್ರಷ್‌ನಿಂದ ಉಜ್ಜಿ.

ಬಂಪರ್ ಪ್ಲಾಸ್ಟಿಕ್, ಬಿಸಿ ಬೇಗ ಆರದು. ಅಲ್ಲಿ ಸ್ಪೀಡ್ ಇಳಿಸಿ. ಕ್ಲಿಯರ್ ಕೋಟ್ ಇರುವ ಕಾರಿನ ಬಣ್ಣ ಪ್ಯಾಡಿಗೆ ಹತ್ತಿತೋ, ತಕ್ಷಣ ನಿಲ್ಲಿಸಿ: ಆ ಪದರ ಅಲ್ಲಿ ಹೋಗಿಯಾಯಿತು, ಇನ್ನು ಪೈಂಟರೇ ಗತಿ.