ಹೊಸ ವಿಮಾನಕ್ಕೆ ಏಕೆ ಕೊಳೆ ಹಚ್ಚುತ್ತೀರಿ?

ಯುದ್ಧವಿಮಾನಗಳ ಮಾದರಿ ಕಿಟ್‌ಗಳನ್ನು ಜೋಡಿಸಿ, ಬೇಕಾದಲ್ಲಿ ಕೊಯ್ದು ತಿದ್ದಿ, ಬಣ್ಣ ಹಚ್ಚುವುದು ನನ್ನ ಹವ್ಯಾಸ. ಅವುಗಳನ್ನು ನೋಡಿದವರೆಲ್ಲ ಕೇಳುವ ಪ್ರಶ್ನೆ ಒಂದೇ: ‘ಇಷ್ಟು ಚೆನ್ನಾಗಿ ಬಣ್ಣ ಹಚ್ಚಿದ ಮೇಲೆ ಮಸಿ, ಎಣ್ಣೆ, ಗೀರು ಎಂದು ಯಾಕೆ ಹಾಳು ಮಾಡುತ್ತೀರಿ?’ ಬಾಯಲ್ಲಿ ಹೇಳಿ ಹೇಳಿ ಸಾಕಾಗಿರುವುದರಿಂದ ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಏನನ್ನೂ ಹಾಳು ಮಾಡುತ್ತಿಲ್ಲ. ನನಗೆ ಬೇಕಾಗಿರುವುದು ಯುದ್ಧಕ್ಕೆ ಹೋಗಿ ಬಂದ ವಿಮಾನ, ಅದರ ಮೈಮೇಲಿನ ಒಂದೊಂದು ಕಲೆಗೂ ಕಾರಣವಿರುತ್ತದೆ. ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರನ್ನೇ ನೋಡಿ. ಪೈಲಟ್ ಒಳಗಿಳಿಯುವ ಪುಟ್ಟ ಬಾಗಿಲು ಎಡಬದಿಯಲ್ಲಿರುವುದರಿಂದ ಎಡರೆಕ್ಕೆಯ ಬುಡವೇ ಹೆಚ್ಚು ತುಳಿತಕ್ಕೆ ಸಿಕ್ಕಿ ಅಲ್ಲಿನ ಬಣ್ಣ ಸವೆಯುತ್ತದೆ. ಎರಡೂ ಬದಿಗೆ ಸಮವಾಗಿ ಗೀರು ಹಾಕುವವರು ಬಾಗಿಲನ್ನು ಗಮನಿಸಿಲ್ಲವೆಂದೇ ಅರ್ಥ. ರೆಕ್ಕೆಯ ಅಂಚಿನ ಬಂದೂಕಿನ ರಂಧ್ರಗಳಿಗೆ ಬಟ್ಟೆಯ ಪಟ್ಟಿ ಅಂಟಿಸುತ್ತಿದ್ದರು, ಮೊದಲ ಗುಂಡಿಗೇ ಅದು ಹರಿದುಹೋಗುತ್ತಿತ್ತು. ಆದ್ದರಿಂದ ಪಟ್ಟಿ ಹರಿದಂತೆ ತೋರಿಸಿದರೆ ಅದರ ಹಿಂದೆ ಮಸಿ ಇರಲೇಬೇಕು. ಮಸಿಯಿದ್ದೂ ಪಟ್ಟಿ ಇಡಿಯಾಗಿದ್ದರೆ ಅದು ಮತ್ತೆ ಗುಂಡು ತುಂಬಿ ಹೊರಡಲು ಸಿದ್ಧವಾಗಿ ನಿಂತ ವಿಮಾನ. ಎಂಜಿನ್ನಿನ ಹೊಗೆಕೊಳವೆಗಳ ಹಿಂದಿನ ಕಲೆಯೂ ಹಾಗೆಯೇ. ಅಂದಿನ ಪೆಟ್ರೋಲಿನಲ್ಲಿ ಸೀಸವಿದ್ದುದರಿಂದ ಆ ಕಲೆ ಹಲವು ಸಲ ತೆಳು ಬೂದುಬಣ್ಣದ್ದಾಗಿರುತ್ತಿತ್ತು.

ಈ ಬೂದು ಕಲೆಯನ್ನೇ ಒಬ್ಬ ಅತಿಥಿ ‘ಧೂಳು ಕೂತಿದೆಯಲ್ಲ’ ಎನ್ನುತ್ತಾ ಕರವಸ್ತ್ರ ತೆಗೆದು ಒರೆಸಿಬಿಟ್ಟರು. ಬಣ್ಣದ ಪುಡಿಯನ್ನು ಸಣ್ಣ ಕುಂಚದಿಂದ ಗಾಳಿ ಬೀಸುವ ದಿಕ್ಕಿಗೇ ಎಳೆದೆಳೆದು ಕೂರಿಸಿದ್ದೆ, ಪುಡಿ ಅಳಿಯದಂತೆ ಹಿಡಿದಿಡುವ, ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಅದರ ಮೇಲೆ ಇನ್ನೂ ಹೊಡೆದಿರಲಿಲ್ಲ. ಒರೆಸಿಯಾದ ಮೇಲೆ ‘ಈಗ ನೋಡಿ, ಹೇಗೆ ಹೊಳೆಯುತ್ತಿದೆ’ ಎಂದರು. ಅವರಿಗೆ ಚಹಾ ಕೊಟ್ಟು ಕಳಿಸಿದೆ, ಉತ್ತರ ಕೊಡಲಿಲ್ಲ. ಇದು ಆ ಉತ್ತರ ಎಂದುಕೊಂಡರೂ ಅಡ್ಡಿಯಿಲ್ಲ.

ಅತಿರೇಕವೂ ಇದೆ, ಒಪ್ಪುತ್ತೇನೆ. 1/48 ಅಳತೆಯಲ್ಲಿ ಒಂದು ಮಿಲಿಮೀಟರಿನ ಗೀರು ನಿಜವಾದ ವಿಮಾನದ ಮೇಲೆ ಸುಮಾರು ಐದು ಸೆಂಟಿಮೀಟರ್ ಆಗುತ್ತದೆ. ಬಣ್ಣ ಕಿತ್ತು ಲೋಹ ಕಂಡಂತೆ ತೋರಿಸಲು ಸ್ಪಂಜಿನಿಂದ ಬೆಳ್ಳಿಬಣ್ಣ ಒತ್ತುವಾಗ ಇದನ್ನು ಮರೆತವರ ವಿಮಾನಗಳು ಗುಜರಿಯಿಂದ ಎದ್ದು ಬಂದಂತಿರುತ್ತವೆ. ಆ ಟೀಕೆ ನ್ಯಾಯವಾದದ್ದೇ. ಆದರೆ ನೀಟಾಗಿರುವುದೇ ಸರಿ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. 1944ರ ಜೂನ್ 6ರ ನಾರ್ಮಂಡಿ ದಾಳಿಗೆ ಮುನ್ನ, ಮಿತ್ರಪಡೆಯ ವಿಮಾನಗಳನ್ನು ತಮ್ಮವರೇ ಹೊಡೆದುರುಳಿಸದಿರಲೆಂದು ರೆಕ್ಕೆಗೂ ಹಿಂಭಾಗದ ಮೈಗೂ ಮೂರು ಬಿಳಿ, ಎರಡು ಕಪ್ಪು ಪಟ್ಟೆ ಬಳಿಯಲು ಆದೇಶವಾಯಿತು. ಒಂಟಿ ಎಂಜಿನ್ನಿನ ವಿಮಾನಕ್ಕೆ ಪಟ್ಟೆಯ ಅಗಲ 18 ಅಂಗುಲ. ಗುಟ್ಟು ಬಯಲಾಗಬಾರದೆಂದು ಕೊನೆಗಳಿಗೆಯಲ್ಲಿ ಬಂದ ಆ ಕೆಲಸವನ್ನು ನೆಲದ ಸಿಬ್ಬಂದಿ ಕೈಗೆ ಸಿಕ್ಕ ಬ್ರಷ್ಷಿನಿಂದ ಅವಸರವಸರವಾಗಿ ಮುಗಿಸಿದರು. ಅನೇಕ ವಿಮಾನಗಳ ಪಟ್ಟೆಗಳ ಅಂಚು ಸೊಟ್ಟಗಿತ್ತು. ಕಿಟ್ಟಿನ ಡಿಕ್ಯಾಲ್‌ಗಳಲ್ಲಿ (ಮಾದರಿಯ ಮೇಲೆ ಅಂಟಿಸುವ ಅಚ್ಚಾದ ಚಿತ್ರಗಳಲ್ಲಿ) ಅವೇ ಪಟ್ಟೆಗಳು ಸ್ಕೇಲ್ ಇಟ್ಟು ಎಳೆದಷ್ಟು ನೇರವಾಗಿ ಬರುತ್ತವೆ. ನಾನು ಅವನ್ನು ಬದಿಗಿಟ್ಟು, 1/48 ಅಳತೆಗೆ ಹೊಂದುವ ಒಂಬತ್ತೂವರೆ ಮಿಲಿಮೀಟರ್ ಅಗಲದ ಪಟ್ಟೆಗಳನ್ನು ಕೈಯಿಂದಲೇ ಬಳಿಯುತ್ತೇನೆ, ಕೆಳಗಿನ ಬಣ್ಣ ಅಲ್ಲಲ್ಲಿ ಇಣುಕುವಂತೆ ಬಿಡುತ್ತೇನೆ. ರಾತ್ರಿಯಿಡೀ ದುಡಿದವರ ಕೆಲಸವನ್ನು ನಾನು ನೀಟು ಮಾಡಿದರೆ ಅವರ ಅವಸರವನ್ನೇ ಅಳಿಸಿದಂತೆ.

ಯಾರಾದರೂ ಇದನ್ನು ಕೇಳಬಾರದೇ: ‘ನಿಜವಾದ ವಿಮಾನದ ಎಡಬದಿಯ ಒಂದೇ ಫೋಟೋ ಉಳಿದಿರುವಾಗ ಬಲಬದಿಗೆ ಏನು ಬಳಿಯುತ್ತೀರಿ?’ ಇದಕ್ಕೆ ಉತ್ತರಿಸಲು ನಾನು ಎಷ್ಟು ಹೊತ್ತಿಗೂ ಸಿದ್ಧ. ಬ್ರಿಟಿಷ್ ವಿಮಾನಗಳ ಮೈಮೇಲೆ ಸ್ಕ್ವಾಡ್ರನ್ನಿನ (ವಾಯುಪಡೆಯ ತುಕಡಿಯ) ಎರಡಕ್ಷರ, ವಿಮಾನದ ಒಂದಕ್ಷರ, ನಡುವೆ ವಾಯುಪಡೆಯ ವೃತ್ತಚಿಹ್ನೆ ಇರುತ್ತಿದ್ದವು. ಬಲಬದಿಯಲ್ಲಿ ಅವುಗಳ ಕ್ರಮ ಎಲ್ಲ ಸ್ಕ್ವಾಡ್ರನ್ನುಗಳಲ್ಲೂ ಒಂದೇ ಆಗಿರಲಿಲ್ಲ. ಹಾಗಾಗಿ ಅದೇ ಸ್ಕ್ವಾಡ್ರನ್ನಿನ, ಅದೇ ತಿಂಗಳುಗಳ ಬೇರೆ ವಿಮಾನಗಳ ಬಲಬದಿಯ ಫೋಟೋಗಳನ್ನು ಹುಡುಕಿ, ಅಲ್ಲಿನ ಕ್ರಮವನ್ನು ನೋಡಿಕೊಂಡೇ ಅಕ್ಷರ ಅಂಟಿಸುತ್ತೇನೆ. ಅದೂ ಸಿಗದಿದ್ದರೆ ಆ ವಿಮಾನವನ್ನು ಕೈಬಿಟ್ಟು, ಎರಡೂ ಬದಿಯ ಫೋಟೋ ಇರುವ ಇನ್ನೊಂದನ್ನು ಆರಿಸಿಕೊಳ್ಳುತ್ತೇನೆ.