ಪುಸ್ತಕದಲ್ಲಿ ಗುರುತು ಹಾಕಲು ಯಾವ ಪೆನ್ನು?

ನನ್ನ ಕಪಾಟಿನಿಂದ ಪುಸ್ತಕ ತೆಗೆದು ಪುಟ ತಿರುವಿದವರು ಬಹುಮಟ್ಟಿಗೆ ಒಂದೇ ಪ್ರಶ್ನೆ ಕೇಳುತ್ತಾರೆ: ‘ಇಷ್ಟೊಂದು ಗುರುತು ಹಾಕಿದ್ದರೂ ಹಿಂಬದಿಗೆ ಬಣ್ಣ ಇಳಿದಿಲ್ಲವಲ್ಲ, ಯಾವ ಪೆನ್ನು ಇದು?’ ಹೆಸರು ಹೇಳಿ ಕಳುಹಿಸುವುದು ಸುಲಭ. ಆದರೆ ಅದೇ ಪೆನ್ನು ಅವರ ಪುಸ್ತಕವನ್ನು ಹಾಳುಮಾಡಬಹುದಾದ್ದರಿಂದ, ಅವರದು ಎಂಥ ಕಾಗದದ ಪುಸ್ತಕ ಎಂದು ನಾನು ಮೊದಲು ವಿಚಾರಿಸುತ್ತೇನೆ.

ಸಾಮಾನ್ಯ ಹೈಲೈಟರ್‌ನಲ್ಲಿರುವುದು ನೀರಿನಲ್ಲಿ ಕರಗಿಸಿದ ಹೊಳೆಯುವ ಬಣ್ಣ. 70 ಅಥವಾ 80 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ) ತೂಕದ ಮ್ಯಾಪ್‌ಲಿಥೋ, ಅಂದರೆ ಪುಸ್ತಕಗಳಿಗೆ ಸಾಮಾನ್ಯವಾಗಿ ಬಳಸುವ ಬಿಳಿ ಕಾಗದ, ಅದನ್ನು ಬಹುತೇಕ ಮೇಲೆಯೇ ತಡೆದುಕೊಳ್ಳುತ್ತದೆ. ನ್ಯೂಸ್‌ಪ್ರಿಂಟ್‌ನಲ್ಲಿ ಅಚ್ಚಾದ ಹಳೆಯ ಸುಲಭ ಬೆಲೆಯ ಆವೃತ್ತಿಗಳಾದರೋ ಬ್ಲಾಟಿಂಗ್ ಪೇಪರಿನಂತೆ ಹೀರಿ ಹಿಂಬದಿಯ ಪುಟಕ್ಕೂ ದಾಟಿಸುತ್ತವೆ. ಚಿತ್ರಗಳಿರುವ ನುಣುಪಾದ ಆರ್ಟ್ ಪೇಪರಿನ ಕಷ್ಟ ಇದಕ್ಕೆ ತದ್ವಿರುದ್ಧ: ಬಣ್ಣ ಬೇಗ ಆರುವುದಿಲ್ಲ, ಪುಸ್ತಕ ಮುಚ್ಚಿದ ಕೂಡಲೇ ಎದುರಿನ ಪುಟಕ್ಕೆ ಅಂಟುತ್ತದೆ. ಈ ಎರಡು ಬಗೆಯ ಕಾಗದಕ್ಕೂ ನಾನು ಮೇಣದಂತಿರುವ ಒಣ ಹೈಲೈಟರನ್ನೋ ಹಳದಿ ಬಣ್ಣದ ಪೆನ್ಸಿಲನ್ನೋ ಬಳಸುತ್ತೇನೆ. ಇಂಕ್‌ಜೆಟ್‌ನಲ್ಲಿ ತೆಗೆದ ಪ್ರತಿಯ ಅಕ್ಷರಗಳು ಒದ್ದೆ ಹೈಲೈಟರ್ ತಾಗಿದರೆ ಕದಡುವ ಸಂಭವವಿದೆ. ಜೆರಾಕ್ಸ್ ಪ್ರತಿಗೆ ಆ ಭಯವಿಲ್ಲ.

ಕನ್ನಡ ಪುಸ್ತಕಕ್ಕೆ ಇನ್ನೊಂದು ತೊಡಕಿದೆ, ಅದು ನಮ್ಮ ಲಿಪಿಯದು. ಇಂಗ್ಲಿಷ್ ಸಾಲಿನ ಅಡಿಯಲ್ಲಿ ಎಳೆದಂತೆ ಕನ್ನಡ ಸಾಲಿನ ಅಡಿಯಲ್ಲಿ ಗೆರೆ ಎಳೆದರೆ ಅದು ಒತ್ತಕ್ಷರಗಳನ್ನು ಸೀಳಿಕೊಂಡು ಹೋಗುತ್ತದೆ. ‘ಶಾಸ್ತ್ರ’, ‘ರಾಷ್ಟ್ರ’ ಎಂಬಂಥ ಪದಗಳ ಬಾಲವೆಲ್ಲ ಗೆರೆಯಲ್ಲಿ ಹೂತುಹೋಗುತ್ತದೆ. ಕಿರಿದಾದ ಮೊನೆಯ ಹೈಲೈಟರ್ ಹಿಡಿದರೆ ಮೇಲಿನ ಅಕ್ಷರಕ್ಕೆ ಬಣ್ಣ ಬಂದು ಒತ್ತು ಬರಿದಾಗಿ ಉಳಿಯುತ್ತದೆ. ಸುಮಾರು 5 ಮಿಲಿಮೀಟರ್ ಅಗಲದ ಓರೆ ಮೊನೆಯಿದ್ದರೆ ಒಳ್ಳೆಯದು. ಇಡೀ ಪರಿಚ್ಛೇದವೇ ಬೇಕೆನಿಸಿದಾಗ ನಾನು ಸಾಲುಗಳ ತಂಟೆಗೆ ಹೋಗದೆ ಅಂಚಿನಲ್ಲಿ ಒಂದು ನೆಟ್ಟನೆಯ ಗೆರೆ ಎಳೆದು ಸುಮ್ಮನಾಗುತ್ತೇನೆ.

ಬಣ್ಣದ ವಿಷಯದಲ್ಲಿ ಹಳದಿಗೇ ನನ್ನ ಮತ. ಅದು ಅಕ್ಷರವನ್ನು ಮಬ್ಬಾಗಿಸುವುದಿಲ್ಲ, ಕಪ್ಪು ಬಿಳುಪು ಜೆರಾಕ್ಸ್‌ನಲ್ಲಿ ಹೆಚ್ಚುಕಡಿಮೆ ಮಾಯವಾಗುತ್ತದೆ. ಗಾಢ ಗುಲಾಬಿ, ನೀಲಿಗಳು ಬೂದು ಪಟ್ಟಿಯಾಗಿ ಮೂಡಬಹುದು. ಆದರೆ ಹೊಳೆಯುವ ಬಣ್ಣಗಳೆಲ್ಲ ಬೆಳಕಿಗೆ ಮಾಸುವಂಥವು. ಬಹುಕಾಲ ಉಳಿಯಬೇಕಾದ ಟಿಪ್ಪಣಿಗೆ ನೀರಿಗೆ ಕದಡದ ಪಿಗ್‌ಮೆಂಟ್ ಶಾಯಿಯ ತೆಳು ಮೊನೆಯ ಪೆನ್ನೇ ಸರಿ. ಬಾಲ್‌ಪೆನ್ ಬೇಡ, ಅದರ ಎಣ್ಣೆ ವರ್ಷಗಳು ಕಳೆದಂತೆ ಕಾಗದದಲ್ಲಿ ಹರಡಬಹುದು, ಒತ್ತಿ ಬರೆದ ಗುರುತು ಹಿಂಬದಿಯಲ್ಲಿ ಉಬ್ಬಿ ನಿಲ್ಲುತ್ತದೆ.

ಉಜ್ಜಿದರೆ ಅಳಿಯುವ ಹೈಲೈಟರ್‌ಗೆ ಮಾರುಹೋಗಿ ನಾನೊಮ್ಮೆ ಕೆಟ್ಟಿದ್ದೇನೆ. ಉಜ್ಜಿದಾಗ ಹುಟ್ಟುವ ಶಾಖಕ್ಕೆ, ಸುಮಾರು 60 ಡಿಗ್ರಿಗೆ, ಬಣ್ಣ ಕಳೆದುಕೊಳ್ಳುವುದು ಆ ಶಾಯಿಯ ಗುಣ. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ, ಗಾಜಿನ ಹತ್ತಿರ ತೆರೆದಿಟ್ಟಿದ್ದ ಪುಸ್ತಕಕ್ಕೂ ಅದೇ ಆಯಿತು. ಸಂಜೆ ನೋಡಿದರೆ ಆ ಪುಟಗಳು ಅಂಗಡಿಯಿಂದ ತಂದಂತೆ ಸ್ವಚ್ಛವಾಗಿದ್ದವು.

ಗ್ರಂಥಾಲಯದ ಅಥವಾ ಎರವಲು ತಂದ ಪುಸ್ತಕಕ್ಕೆ ಇವು ಯಾವುವೂ ಸಲ್ಲವು, ಅಲ್ಲಿ ಕಾಗದದ ಚೀಟಿ ಸಾಕು. ಸ್ವಂತ ಪುಸ್ತಕವಾದರೆ, ಕೊನೆಯಲ್ಲಿ ಪ್ರಕಾಶಕರು ತಮ್ಮ ಇತರ ಪ್ರಕಟಣೆಗಳ ಪಟ್ಟಿ ಹಾಕಿರುತ್ತಾರಲ್ಲ, ಆ ಪುಟದ ಮೇಲೆ ಒಂದು ಗೆರೆ ಎಳೆದು, ಒಂದು ನಿಮಿಷ ಬಿಟ್ಟು, ಹಾಳೆ ತಿರುವಿ ನೋಡಿ. ನನ್ನ ಪುಸ್ತಕಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಗುರುತುಗಳಿರುವುದು ಆ ಬೆಲೆಪಟ್ಟಿಗಳ ಮೇಲೆಯೇ.