ರೀಸೆಟ್ ಆದರೂ ಅಳಿಯಬಾರದ ಸಂಖ್ಯೆ

ಕಳೆದ ಬೇಸಿಗೆಯ ಒಂದು ಭಾನುವಾರ, ದಾವಣಗೆರೆಯ ವಿದ್ಯಾನಗರದಲ್ಲಿರುವ ನಮ್ಮ ಮನೆಗೆ ಇಬ್ಬರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಲ್ಯಾಪ್‌ಟಾಪ್ ಹಿಡಿದು ಬಂದರು. ಅವರ ಕೊನೆಯ ವರ್ಷದ ಪ್ರಾಜೆಕ್ಟ್ ಇದ್ದದ್ದು ಜೆಮ್5 ಸಿಮ್ಯುಲೇಟರಿನ ಮೇಲೆ. ಮಿಶಿಗನ್‌ನ ಎಂ5 ಮತ್ತು ವಿಸ್ಕಾನ್ಸಿನ್‌ನ ಜೆಮ್ಸ್ ಕೂಡಿ ಆದ ಈ ಸಿಮ್ಯುಲೇಟರ್, ಪ್ರೊಸೆಸರ್, ಕ್ಯಾಶ್ (ಪ್ರೊಸೆಸರಿನ ಪಕ್ಕದ ಚಿಕ್ಕ, ವೇಗದ ಮೆಮೊರಿ) ಮತ್ತು ಮೆಮೊರಿಗಳ ನಡೆಯನ್ನು ಸಾಫ್ಟ್‌ವೇರಿನಲ್ಲೇ ಓಡಿಸಿ ಲೆಕ್ಕ ಕೊಡುತ್ತದೆ.

"ಸರ್, ಹಿಟ್ ಸರಿಯಾಗಿ ಬರ್ತಾವು, ಮಿಸ್ಸೂ ಬರ್ತಾವು, ಎನರ್ಜಿ ಮಾತ್ರ ಸೊನ್ನೆ ತೋರಿಸ್ತತಿ" ಎಂದು ಒಬ್ಬ, ಸಿಮ್ಯುಲೇಟರ್ ತನ್ನ ಲೆಕ್ಕಗಳನ್ನು ಬರೆದಿಡುವ ಸ್ಟ್ಯಾಟ್ಸ್ ಫೈಲನ್ನು ತೆರೆದು ತೋರಿಸಿದ. ಬೇಕಾದದ್ದು ಕ್ಯಾಶಿನಲ್ಲೇ ಸಿಕ್ಕರೆ ಹಿಟ್, ಸಿಗದೆ ಮೆಮೊರಿಯಿಂದ ತರಬೇಕಾದರೆ ಮಿಸ್.

ಕ್ಯಾಶಿಗೆ ಒಂದು ಸಲ ಕೈಹಾಕಿದರೆ ಇಷ್ಟು ಪಿಕೊಜೂಲ್ (ಶಕ್ತಿಯ ಅತಿ ಸಣ್ಣ ಅಳತೆ) ಖರ್ಚು ಎಂಬ ಸ್ಥಿರಸಂಖ್ಯೆಯನ್ನು ಅವರು ಒಂದು ಸ್ಕೇಲರ್ ಅಂಕಿಅಂಶವಾಗಿ ನೋಂದಾಯಿಸಿ, ಅದಕ್ಕೆ ಬೆಲೆ ತುಂಬಿ, ಆಮೇಲೆ ಫಾರ್ಮುಲಾದಲ್ಲಿ ಹಿಟ್‌ಗಳ ಎಣಿಕೆಯಿಂದ ಗುಣಿಸಿದ್ದರು. ಓದುವುದಕ್ಕೆ ಅಚ್ಚುಕಟ್ಟಾದ ಕೋಡ್. ಆದರೆ ಸ್ಕೇಲರ್ ಇರುವುದು ಎಣಿಸುವುದಕ್ಕೆ. ಸಿಮ್ಯುಲೇಶನ್ ಆರಂಭವಾಗುವಾಗ ಒಮ್ಮೆ, ಮತ್ತೆ ನಾವು ಅಳೆಯಬೇಕೆಂದಿರುವ ಭಾಗಕ್ಕೆ ಮುಂಚೆ ರೀಸೆಟ್ ಕೊಟ್ಟಾಗಲೆಲ್ಲ, ಅದು ಸೊನ್ನೆಗೆ ಇಳಿಯುತ್ತದೆ. ಸ್ಥಿರಸಂಖ್ಯೆ ಗುಣಕವಾಗಿದ್ದುದರಿಂದ ಉತ್ತರ ಸೊನ್ನೆ ಬಂತು. ಭಾಜಕವಾಗಿದ್ದರೆ ಅರ್ಥವಿಲ್ಲದ ಇನ್ನೇನೋ ಅಚ್ಚಾಗಿ, ಬಹುಶಃ ಬೇಗನೆ ಅನುಮಾನ ಹುಟ್ಟುತ್ತಿತ್ತು.

ಇನ್ನೊಬ್ಬನ ಅಪ್ಪ ಎಪಿಎಂಸಿಗೆ ಮೆಕ್ಕೆಜೋಳ ತರುವವರು. ಅವನೇ ಹೇಳಿದ: "ತೂಕದ ಮಷಿನ್‌ನಾಗ ಸೊನ್ನೆ ಒತ್ತಿದ್ರೆ ಕ್ವಿಂಟಲ್‌ಗೆ 100 ಕಿಲೊ ಅನ್ನೋದೂ ಅಳಿಸಿ ಹೋದಂಗಾತು ಸರ್." ಅದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ.

ಜೆಮ್5ನಲ್ಲಿ ಫಾರ್ಮುಲಾ ಎಂದರೆ ಲೆಕ್ಕ ಮುಗಿಸಿ ಇಟ್ಟುಕೊಂಡ ಉತ್ತರವಲ್ಲ, ಒಂದು ಲೆಕ್ಕದ ಮರ. ಅದರ ಎಲೆಗಳಲ್ಲಿ ಸ್ಕೇಲರ್‌ಗಳೂ ಇರಬಹುದು, ಕಾನ್‌ಸ್ಟಂಟ್ ಎಂಬ ಫಂಕ್ಷನ್ನಿನಿಂದ ಕೂರಿಸಿದ ಸಂಖ್ಯೆಗಳೂ ಇರಬಹುದು. ಫೈಲಿಗೆ ಬರೆಯುವ ಕ್ಷಣದಲ್ಲಷ್ಟೇ ಇಡೀ ಮರದ ಬೆಲೆ ಕಟ್ಟಲಾಗುತ್ತದೆ. ಹಾಗೆ ಕೂತ ಸಂಖ್ಯೆಯನ್ನು ರೀಸೆಟ್ ಮುಟ್ಟುವುದಿಲ್ಲ. ಫಾರ್ಮುಲಾ ಬರೆಯುವಾಗ ಇದ್ದ ಬೆಲೆಯ ಪ್ರತಿ ಅದರೊಳಗೆ ಉಳಿಯುವುದರಿಂದ, ಆ ಬೆಲೆ ಕೊಟ್ಟ ಚರವನ್ನು (ವೇರಿಯಬಲ್) ಆಮೇಲೆ ಬದಲಿಸಿದರೂ ಫಾರ್ಮುಲಾಕ್ಕೆ ತಿಳಿಯುವುದಿಲ್ಲ ಎಂಬುದೂ ಇದರ ಜೊತೆಗೇ ಬರುವ ಮಾತು.

ಸ್ಕೇಲರನ್ನು ತೆಗೆದು ಹಾಗೆ ಬರೆದ ಮೇಲೆ ಎನರ್ಜಿ ಬಂತು. ಆದರೆ ಮೆಮೊರಿಯಿಂದ ತಂದ ಕಿಲೊಬೈಟ್‌ಗಳ ಲೆಕ್ಕ ಇನ್ನೂ ಸೊನ್ನೆಯಾಗಿಯೇ ಇತ್ತು. ಅಲ್ಲಿ ಮಿಸ್‌ಗಳನ್ನು, ಆವರಣದೊಳಗೆ ಬರೆದ 64 ಭಾಗಿಸು 1024ರಿಂದ ಗುಣಿಸಲಾಗಿತ್ತು: ಒಂದು ಮಿಸ್ಸಿಗೆ 64 ಬೈಟ್, ಒಂದು ಕಿಲೊಬೈಟಿಗೆ 1024 ಬೈಟ್ ಎಂಬ ಲೆಕ್ಕ. ಎರಡೂ ಪೂರ್ಣಾಂಕಗಳಾದ್ದರಿಂದ ಸಿ++ ಭಾಷೆ ದಶಮಾಂಶದ ಭಾಗ ಬಿಟ್ಟು, ಅದನ್ನು ಫಾರ್ಮುಲಾದ ತನಕ ಹೋಗಗೊಡದೆ ಮೊದಲೇ ಸೊನ್ನೆ ಮಾಡಿಬಿಡುತ್ತದೆ. ಆವರಣ ತೆಗೆದು, ಮಿಸ್‌ಗಳನ್ನು ಮೊದಲು 64ರಿಂದ ಗುಣಿಸಿ ಆಮೇಲೆ 1024ರಿಂದ ಭಾಗಿಸಿದರೆ ಸಾಕು. ಫಾರ್ಮುಲಾದೊಳಗಿನ ಲೆಕ್ಕವೆಲ್ಲ ದಶಮಾಂಶದಲ್ಲೇ ನಡೆಯುತ್ತದೆ.

ಹುಡುಗರು ಅಲ್ಲಿಗೇ ಎದ್ದು ಹೊರಡುವವರಿದ್ದರು. ನನಗೆ ಸಮಾಧಾನವಾಗಿರಲಿಲ್ಲ. ಸ್ಟ್ಯಾಟ್ಸ್ ಫೈಲಿನಲ್ಲಿ ಫಾರ್ಮುಲಾದ ಉತ್ತರ ಮಾತ್ರ ಅಚ್ಚಾಗುತ್ತದೆಯೇ ಹೊರತು ಒಳಗೆ ಯಾವ ಸ್ಥಿರಸಂಖ್ಯೆ ಇತ್ತು ಎಂಬುದು ಕಾಣುವುದಿಲ್ಲ. 1000, 1024ರಂಥ ಸಂಖ್ಯೆಗಳನ್ನು ಫಾರ್ಮುಲಾದಲ್ಲಿ ನೇರವಾಗಿ ಬರೆಯಲಿ, ತಕರಾರಿಲ್ಲ. ಆದರೆ ವಿನ್ಯಾಸದೊಂದಿಗೆ ಬದಲಾಗುವ ಪಿಕೊಜೂಲ್‌ನಂಥ ಬೆಲೆ ಆ ಘಟಕದ ಪ್ಯಾರಾಮೀಟರ್ (ಹೊರಗಿನಿಂದ ಕೊಡುವ ಬೆಲೆ) ಆಗಿಯೇ ಬರಬೇಕೆಂದು ನಾನು ಪಟ್ಟು ಹಿಡಿದೆ. ಆಗ ಅದು ಪ್ರತಿ ಓಟದ ಕಾನ್ಫಿಗ್ ಫೈಲಿನಲ್ಲಿ ದಾಖಲಾಗುತ್ತದೆ, ಫಾರ್ಮುಲಾ ಆ ಪ್ಯಾರಾಮೀಟರಿನಿಂದಲೇ ಅದನ್ನು ಪಡೆಯುತ್ತದೆ.

ಹಾಗೆ ತಿದ್ದಿ, 256 ಕಿಲೊಬೈಟ್ ಮತ್ತು 1 ಮೆಗಾಬೈಟ್‌ನ ಎಲ್2 (ಎರಡನೇ ಹಂತದ) ಕ್ಯಾಶ್‌ಗಳ ಓಟಗಳನ್ನು ಪಕ್ಕಪಕ್ಕ ತೆರೆದಾಗ ಎರಡರಲ್ಲೂ ಒಂದೇ ಪಿಕೊಜೂಲ್ ಬೆಲೆ ಕಂಡಿತು. ದೊಡ್ಡ ಕ್ಯಾಶಿಗೆ ಒಂದೊಂದು ಸಲಕ್ಕೂ ಹೆಚ್ಚು ಖರ್ಚಾಗಬೇಕಲ್ಲ ಎಂದು ಮೆಕ್ಕೆಜೋಳದವರ ಮಗನೇ ಕೇಳಿದ. ಎರಡೂ ಗಾತ್ರಗಳಿಗೆ ಬೇರೆಬೇರೆ ಬೆಲೆ ಹುಡುಕಿಕೊಂಡು ಬರುವುದಾಗಿ ಹೇಳಿ ಇಬ್ಬರೂ ಹೊರಟರು.